ಕಾಫಿ ತೋಟದಲ್ಲಿ ಬ್ಲೇಡ್ ಮಷೀನು: ಕಳೆ ಹೊಡೆಯುವುದರಿಂದ ಎತ್ತಿಡುವವರೆಗೆ

ನಮ್ಮದು ಮೂಡಿಗೆರೆಗೂ ಸಕಲೇಶಪುರಕ್ಕೂ ನಡುವಿನ ಒಂದು ಸಣ್ಣ ಕಾಫಿ ತೋಟ. ಮೇಲುಗಡೆ ಅರೇಬಿಕಾ, ತಗ್ಗಿನಲ್ಲಿ ರೊಬಸ್ಟಾ, ಮರಗಳಿಗೆ ಮೆಣಸಿನ ಬಳ್ಳಿ, ಹಳ್ಳದ ಪಕ್ಕ ಒಂದಿಷ್ಟು ಅಡಿಕೆ. ಕತ್ತಿ ಹಿಡಿದು ಕಳೆ ಹೊಡೆಯುವವರು ಸಿಗುವುದು ಕಡಿಮೆ ಆದಾಗ ಬ್ಲೇಡ್ ಹಾಕುವ ಕಳೆ ಮಷೀನು (ಬ್ರಷ್ ಕಟರ್) ತಂದೆವು. ಒಂಬತ್ತು ವರ್ಷ ಆಯಿತು. ಇವತ್ತು ಅದಿಲ್ಲದೆ ನಮ್ಮ ಮಳೆಗಾಲ ನಡೆಯುವುದಿಲ್ಲ.

ಮೊದಲ ವರ್ಷವೇ ಒಂದು ಅನಾಹುತ ಆಯಿತು. ಮಘೆ ಮಳೆ ಹೊಳವು ಕೊಟ್ಟ ಬೆಳಿಗ್ಗೆ ನಾನು ಬೇಲಿ ಬದಿ ಹೊಡೆಯುತ್ತಿದ್ದೆ. ಹುಲ್ಲು ಸಿಕ್ಕಿಕೊಳ್ಳುತ್ತದೆ ಎಂದು ಬ್ಲೇಡಿಗೆ ಮರೆಯಾಗಿರುವ ಗಾರ್ಡ್ ಬಿಚ್ಚಿಟ್ಟಿದ್ದೆ. ನಮ್ಮ ತೋಟದ ಹುಡುಗ 'ಅಣ್ಣ, ಟೀ' ಎಂದು ಕೂಗುತ್ತಾ ಹಿಂದಿನಿಂದ ಬಂದಿದ್ದಾನೆ. ನನಗೆ ಕೇಳಿಸಿಲ್ಲ. ಅದೇ ಹೊತ್ತಿಗೆ ಹುಲ್ಲಿನೊಳಗಿದ್ದ ಹಳೇ ಬೇಲಿ ತಂತಿಯ ತುಂಡಿಗೆ ಬ್ಲೇಡು ತಾಗಿತು. ತುಂಡು ಹಾರಿ ಅವನ ಗಂಬೂಟಿನ ಮೇಲೆ ಮೀನಖಂಡಕ್ಕೆ ಹೊಕ್ಕಿತು. ಆರು ಹೊಲಿಗೆ ಬಿತ್ತು. ಅವನು ಬಗ್ಗಿ ಟೀ ಲೋಟ ಕೆಳಗಿಡುತ್ತಿದ್ದಿದ್ದರೆ ಆ ತುಂಡು ಎಲ್ಲಿಗೆ ಹೋಗುತ್ತಿತ್ತು ಎಂಬುದು ಈಗಲೂ ನೆನಪಾಗುತ್ತದೆ. ಆ ದಿನದಿಂದ ಈ ಮಷೀನಿನ ಬಗ್ಗೆ ಕೇಳಿದ್ದು, ಓದಿದ್ದು, ಮಾಡಿ ಕಲಿತದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ನಿಮ್ಮ ಮಷೀನಿನ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಯಾವ ಕಳೆಗೆ ಯಾವ ಬ್ಲೇಡು

ನೈಲಾನ್ ದಾರದ ತಲೆ ಎಳೆ ಹುಲ್ಲಿಗೆ ಸಾಕು. ಅಂಗಳ, ಕಣದ ಸುತ್ತ, ಪೈಪಿನ ಪಕ್ಕ ಅದೇ ಒಳ್ಳೆಯದು. ಆರಿದ್ರ, ಪುನರ್ವಸು ಮಳೆ ಹೊಡೆದ ಮೇಲೆ ಸೊಂಟದೆತ್ತರ ಬೆಳೆದು ನಿಲ್ಲುವ ಕಳೆಗೆ, ಲಂಟಾನಕ್ಕೆ, ಬಲಿತ ಯುಪಟೋರಿಯಂಗೆ ಲೋಹದ ಬ್ಲೇಡೇ ಬೇಕು.

ಎರಡು ಹಲ್ಲಿನದು ಮತ್ತು ಮೂರು ಹಲ್ಲಿನದು ನಮ್ಮ ಕಡೆ ಹೆಚ್ಚು ಓಡುತ್ತವೆ. ಬರೀ ಹುಲ್ಲು, ಜೊಂಡು ಇದ್ದರೆ ಎರಡು ಹಲ್ಲು. ಹುಲ್ಲಿನ ಜೊತೆ ಕಡ್ಡಿ ಗಿಡ, ಮುಳ್ಳು ಕಲೆತಿದ್ದರೆ ಮೂರು ಹಲ್ಲು. ನಾನು ಒಂದೇ ಬ್ಲೇಡು ಕೊಳ್ಳಿ ಎಂದರೆ ಮೂರು ಹಲ್ಲಿನದನ್ನೇ ಹೇಳುತ್ತೇನೆ. ಹೆಬ್ಬೆರಳಿಗಿಂತ ದಪ್ಪದ ಕಾಂಡ ಬಂದರೆ ಈ ಎರಡೂ ಬೇಡ. ಅದಕ್ಕೆ ಗರಗಸದಂತೆ ಹಲ್ಲಿರುವ ದುಂಡು ಬ್ಲೇಡು ಬರುತ್ತದೆ, ಅದಕ್ಕೆ ಬೇರೆ ಗಾರ್ಡ್ ಕೂಡ ಬೇಕಾಗುತ್ತದೆ. ನಾಲ್ಕೈದು ಗಿಡ ಮಾತ್ರ ಇದ್ದರೆ ಕತ್ತಿಯಲ್ಲಿ ಕಡಿದು ಮುಂದೆ ಹೋಗಿ.

ಬ್ಲೇಡು ಕೊಳ್ಳುವಾಗ ಮೂರು ವಿಷಯ ನೋಡಿ. ನಡುವಿನ ತೂತಿನ ಅಳತೆ: ಹೆಚ್ಚಿನವು 25.4 ಮಿ.ಮೀ. ಅಥವಾ 20 ಮಿ.ಮೀ. ಇರುತ್ತವೆ. ತೂತು ದೊಡ್ಡದಾದ ಬ್ಲೇಡನ್ನು ವಾಷರ್ ಹಾಕಿ 'ಅಡ್ಜಸ್ಟ್' ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ, ಅದು ನಡುವಿಗೆ ಕೂರದೆ ಅದುರುತ್ತದೆ. ಎರಡನೆಯದು ಅಗಲ. ಸಾಮಾನ್ಯವಾಗಿ 230ರಿಂದ 255 ಮಿ.ಮೀ. ಇರುತ್ತದೆ. ನಿಮ್ಮ ಗಾರ್ಡಿಗಿಂತ ಹೊರಗೆ ಚಾಚುವ ಬ್ಲೇಡು ಬೇಡ. ಮೂರನೆಯದು, ಬ್ಲೇಡಿನ ಮೇಲೆ ಅಚ್ಚು ಹಾಕಿರುವ ಗರಿಷ್ಠ ಸುತ್ತಿನ ಸಂಖ್ಯೆ. ಅದು ನಿಮ್ಮ ಮಷೀನಿನ ಬ್ಲೇಡ್ ಸುತ್ತಿಗಿಂತ ಜಾಸ್ತಿಯೇ ಇರಬೇಕು.

ಸರಪಳಿ ತುಂಡು ಜೋಡಿಸಿದ ತಲೆಗಳು, ಕೀಲು ಹಾಕಿದ ಲೋಹದ ಪಟ್ಟಿಯ ತಲೆಗಳು ಅಲ್ಲಲ್ಲಿ ಮಾರಾಟಕ್ಕೆ ಕಾಣುತ್ತವೆ. ದಯವಿಟ್ಟು ತರಬೇಡಿ. ಒಂದು ಕೊಂಡಿ ಕಳಚಿದರೆ ಅದು ಗುಂಡಿನಂತೆ ಹಾರುತ್ತದೆ. ಹೀಗೆ ಪ್ರಾಣ ಹೋದ ಮೇಲೆ ಯುರೋಪಿಯನ್ ಒಕ್ಕೂಟ 2012ರಲ್ಲಿ ಈ ಬಗೆಯ ತಲೆಗಳ ಮಾರಾಟವನ್ನೇ ನಿಷೇಧಿಸಿತು.

ಯಾಕಿಷ್ಟು ಭಯ ಅಂತೀರಾ? ಲೆಕ್ಕ ಹಾಕಿ ನೋಡಿ. 255 ಮಿ.ಮೀ. ಬ್ಲೇಡು ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಹಲ್ಲಿನ ತುದಿ ಗಂಟೆಗೆ 330 ಕಿ.ಮೀ. ದಾಟಿದ ವೇಗದಲ್ಲಿ ಓಡುತ್ತದೆ. ಅದಕ್ಕೆ ತಾಗಿದ ಜಲ್ಲಿಕಲ್ಲು ಎಷ್ಟು ದೂರ ಹೋಗಬಹುದು, ಯೋಚಿಸಿ.

ಮೈಮೇಲೆ ಏನಿರಬೇಕು

ಕಣ್ಣಿನಿಂದ ಶುರು ಮಾಡೋಣ. ಜಾಲರಿಯ ಮುಖಕವಚ ಒಂದೇ ಸಾಲದು. ಜಾಲರಿಯ ಸಂದಿನಲ್ಲಿ ಮರಳು, ಮುಳ್ಳಿನ ಚೂರು ಒಳಗೆ ಬರುತ್ತದೆ. ಒಳಗೊಂದು ಪ್ಲಾಸ್ಟಿಕ್ ಸೇಫ್ಟಿ ಕನ್ನಡಕ ಹಾಕಿ, ಮೇಲೆ ಕವಚ ಇಳಿಸಿ. ಮಳೆಯಲ್ಲಿ ಕನ್ನಡಕ ಮಂಜು ಹಿಡಿಯುತ್ತದೆ ನಿಜ. ನಿಲ್ಲಿಸಿ ಒರೆಸಿಕೊಳ್ಳಿ, ತೆಗೆದಿಡಬೇಡಿ.

ಕಿವಿಗೆ ಇಯರ್ ಮಫ್ ಅಥವಾ ಪ್ಲಗ್. 85 ಡೆಸಿಬೆಲ್ ದಾಟಿದ ಸದ್ದನ್ನು ದಿನವಿಡೀ ಕೇಳಿದರೆ ಕಿವಿ ಮೆಲ್ಲಗೆ ಕೆಡುತ್ತದೆ. ಟೂ ಸ್ಟ್ರೋಕ್ ಮಷೀನು ಹೊಡೆಯುವವನ ಕಿವಿಗೆ ಸಾಮಾನ್ಯವಾಗಿ 95 ದಾಟುತ್ತದೆ. ಕಿವಿ ಮುಚ್ಚಿದವನಿಗೆ ಕೂಗು ಕೇಳುವುದಿಲ್ಲ ಎಂಬುದು ಮನೆಯವರಿಗೂ ಆಳುಗಳಿಗೂ ಗೊತ್ತಿರಬೇಕು.

ಕಾಲಿಗೆ ಗಂಬೂಟು ಅಥವಾ ದಪ್ಪ ಶೂ, ಅದರ ಮೇಲೆ ಮೊಣಕಾಲಿನ ತನಕ ಶಿನ್ ಗಾರ್ಡ್. ಇಂಬಳಕ್ಕೆ (ಜಿಗಣೆಗೆ) ಹೆದರಿ ಗಂಬೂಟು ಹೇಗೂ ಹಾಕುತ್ತೇವೆ, ಆದರೆ ಬರೀ ರಬ್ಬರು ತಂತಿ ತುಂಡನ್ನು ತಡೆಯುವುದಿಲ್ಲ. ಉದ್ದ ತೋಳಿನ ಅಂಗಿ, ದಪ್ಪ ಪ್ಯಾಂಟು, ಹಿಡಿತ ಇರುವ ಕೈಗವಸು. ಲುಂಗಿ, ಪಂಚೆ, ಕುತ್ತಿಗೆಗೆ ಸುತ್ತಿದ ಟವೆಲ್, ಗಾಳಿಗೆ ಹಾರುವ ರೇನ್‌ಕೋಟು, ಕಂಬಳಿ ಕೊಪ್ಪೆ ಯಾವುದೂ ಬೇಡ. ಮಳೆ ಜೋರಾಗಿ ಬಂದರೆ ಕೆಲಸ ನಿಲ್ಲಿಸುವುದೇ ದಾರಿ.

ಭುಜದ ಬೆಲ್ಟಿನ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಸೊಂಟ ನೋವು. ಬೆಲ್ಟಿನ ಕೊಕ್ಕೆ ಬಲ ಸೊಂಟದಿಂದ ಒಂದು ಅಂಗೈ ಅಗಲ ಕೆಳಗೆ ಬರುವಂತೆ ಎಳೆಯಿರಿ. ಮಷೀನು ನೇತುಹಾಕಿ ಕೈ ಸಡಿಲ ಬಿಟ್ಟರೆ ಹುಲ್ಲಿನ ಬ್ಲೇಡು ನೆಲವನ್ನು ಹಗುರಾಗಿ ಮುಟ್ಟುವಂತೆ ನಿಲ್ಲಬೇಕು. ಬ್ಲೇಡು ನೆಲಕ್ಕೆ ಒತ್ತಿದರೆ ಅಥವಾ ಮೇಲೆದ್ದರೆ ಪೈಪಿನ ಮೇಲಿರುವ ಕೊಕ್ಕೆಯ ಜಾಗವನ್ನು ಹಿಂದೆ ಮುಂದೆ ಸರಿಸಿ. ಬೆಲ್ಟಿನಲ್ಲಿ ಒಂದೇ ಎಳೆತಕ್ಕೆ ಮಷೀನು ಕಳಚಿಕೊಳ್ಳುವ ಬಿಚ್ಚು ಇರುತ್ತದೆ. ಮನೆ ಅಂಗಳದಲ್ಲಿ ನಿಂತು ಅದನ್ನು ಹತ್ತು ಸಲ ಬಿಚ್ಚಿ ಅಭ್ಯಾಸ ಮಾಡಿ. ಕಡಜದ ಗೂಡಿಗೆ ಬ್ಲೇಡು ತಾಗಿದ ದಿನ ಅದರ ಬೆಲೆ ಗೊತ್ತಾಗುತ್ತದೆ.

ಬ್ಲೇಡು ಕೂರಿಸುವುದು

ಇಲ್ಲಿ ಅವಸರ ಬೇಡವೇ ಬೇಡ. ಎಂಜಿನ್ ತಣ್ಣಗಿರಲಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿರಲಿ, ಕೈಗೆ ಗವಸು ಇರಲಿ.

1. ಮಷೀನನ್ನು ತಲೆಕೆಳಗಾಗಿ ಮಲಗಿಸಿ ಗೇರ್ ಹೆಡ್ (ಬ್ಲೇಡು ಕೂರುವ ಪೈಪಿನ ತುದಿಯ ಗೇರು ಪೆಟ್ಟಿಗೆ) ಮೇಲೆ ಬರುವಂತೆ ಮಾಡಿ. ಗೇರ್ ಹೆಡ್‌ನ ತೂತಿಗೂ ಒಳಗಿನ ತಟ್ಟೆಯ ತೂತಿಗೂ ನೇರ ಮಾಡಿ ಆಲನ್ ಕೀ ಅಥವಾ ಲಾಕ್ ಪಿನ್ ತೂರಿಸಿ. ಈಗ ಅಚ್ಚು ತಿರುಗುವುದಿಲ್ಲ.
2. ನಟ್ಟು ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿಸಿದರೆ ಸಡಿಲ, ಎಡಕ್ಕೆ ತಿರುಗಿಸಿದರೆ ಬಿಗಿ. ಇದು ಗೊತ್ತಿಲ್ಲದೆ ಪೈಪ್ ಹಾಕಿ ಒತ್ತಿ ಥ್ರೆಡ್ಡು ಕಿತ್ತವರು ಬಹಳ ಜನ.
3. ತಟ್ಟೆಗಳ ಮೇಲಿನ ಹುಲ್ಲು, ಮಣ್ಣು ಪೂರ್ತಿ ಒರೆಸಿ. ಅಕ್ಕಿ ಕಾಳಿನಷ್ಟು ಮಣ್ಣು ನಡುವೆ ಸಿಕ್ಕರೂ ಬ್ಲೇಡು ಓರೆಯಾಗಿ ಕೂರುತ್ತದೆ.
4. ಬ್ಲೇಡಿನ ತೂತು ಒಳತಟ್ಟೆಯ ಉಬ್ಬಿನ ಮೇಲೆ ಸರಿಯಾಗಿ ಕೂರಬೇಕು. ಬೆರಳಲ್ಲಿ ಅತ್ತಿತ್ತ ಸರಿಸಿ ನೋಡಿ, ಅಲ್ಲಾಡಬಾರದು. ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ ಇರಲಿ.
5. ಮೇಲಿನ ತಟ್ಟೆ, ಬಟ್ಟಲು, ನಟ್ಟು ಇದೇ ಸಾಲಿನಲ್ಲಿ ಹಾಕಿ ಬಿಗಿ ಮಾಡಿ. ಕಾಟರ್ ಪಿನ್ ಹಾಕುವ ಮಾದರಿ ಆಗಿದ್ದರೆ ಪ್ರತಿ ಸಲ ಹೊಸ ಪಿನ್.
6. ಲಾಕ್ ಪಿನ್ ತೆಗೆಯಿರಿ. ಕೈಯಲ್ಲಿ ಬ್ಲೇಡು ತಿರುಗಿಸಿ ನೋಡಿ. ಗಾರ್ಡಿಗೆ ತಾಗದೆ, ಮೇಲೆ ಕೆಳಗೆ ಕುಣಿಯದೆ ಸುತ್ತಬೇಕು.

ಲಾಕ್ ನಟ್ಟು ಬೆರಳಿನಲ್ಲೇ ಸಲೀಸಾಗಿ ತಿರುಗುವಷ್ಟು ಸವೆದಿದ್ದರೆ ಅದನ್ನು ಎಸೆದುಬಿಡಿ. ನಾನು ಎರಡು ಹೊಸ ನಟ್ಟು ಯಾವಾಗಲೂ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಹೊಸ ಬ್ಲೇಡು ಹಾಕಿ ಹತ್ತು ನಿಮಿಷ ಹೊಡೆದ ಮೇಲೆ ಒಮ್ಮೆ ನಿಲ್ಲಿಸಿ ನಟ್ಟನ್ನು ಮತ್ತೆ ಬಿಗಿ ನೋಡಿ.

ಗಾರ್ಡಿನ ಬಗ್ಗೆ ಒಂದು ಮಾತು. ದಾರ ಹಾಕುವಾಗ ಗಾರ್ಡಿಗೆ ಕೆಳಗಡೆ ಒಂದು ಪಟ್ಟಿ, ದಾರ ಕತ್ತರಿಸುವ ಚಿಕ್ಕ ಚಾಕು ಇರುತ್ತದೆ. ಕೆಲವು ಮಷೀನುಗಳಲ್ಲಿ ಬ್ಲೇಡ್ ಹಾಕುವಾಗ ಆ ಪಟ್ಟಿ ಮಾತ್ರ ತೆಗೆಯಬೇಕು. ಗಾರ್ಡನ್ನೇ ತೆಗೆಯುವುದು ಯಾವ ಮಷೀನಿಗೂ ಹೇಳಿಲ್ಲ. ನಮ್ಮ ಊರುಗಳಲ್ಲಿ ಹತ್ತು ಮಷೀನು ನೋಡಿದರೆ ಎಷ್ಟಕ್ಕೆ ಗಾರ್ಡ್ ಇರುತ್ತದೆ, ನೀವೇ ಎಣಿಸಿ ನೋಡಿ. ಹುಲ್ಲು ಸುತ್ತಿಕೊಳ್ಳುವುದು ಗಾರ್ಡಿನ ತಪ್ಪಲ್ಲ. ಬ್ಲೇಡು ಮೊಂಡಾಗಿರುತ್ತದೆ, ಇಲ್ಲವೇ ಆಕ್ಸಿಲರೇಟರ್ ಕಡಿಮೆ ಕೊಟ್ಟು ಹುಲ್ಲಿಗೆ ನುಗ್ಗಿಸಿರುತ್ತೇವೆ.

ಪೆಟ್ರೋಲು, ಆಯಿಲ್

ಟೂ ಸ್ಟ್ರೋಕ್ ಮಷೀನಿಗೆ ಪೆಟ್ರೋಲಿನ ಜೊತೆ ಟೂಟಿ ಆಯಿಲ್ ಬೆರೆಸಬೇಕು. 50:1 ಎಂದು ಹೇಳಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. 'ಒಂದು ಮುಚ್ಚಳ' ಎಂಬ ಲೆಕ್ಕ ಬೇಡ, ಔಷಧಿ ಅಂಗಡಿಯ ಹತ್ತು ರೂಪಾಯಿಯ ಸಿರಿಂಜು ತಂದಿಡಿ. ಆಯಿಲ್ ಕಡಿಮೆ ಆದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿ ಆದರೆ ಸೈಲೆನ್ಸರ್ ಕರಿ ಕಟ್ಟುತ್ತದೆ. ಫೋರ್ ಸ್ಟ್ರೋಕ್ ಮಷೀನಿಗೆ ಬೆರೆಸುವುದೇ ಬೇಡ, ಬರೀ ಪೆಟ್ರೋಲು. ಎಂಜಿನ್ ಆಯಿಲ್ ಬೇರೆ ಹಾಕಬೇಕು. ಹೋಂಡಾದ ಜಿಎಕ್ಸ್ 35 ಎಂಜಿನ್‌ಗೆ ಹಿಡಿಸುವುದು 100 ಮಿ.ಲೀ. ಮಾತ್ರ. ಅಷ್ಟು ಕಡಿಮೆ ಇರುವುದರಿಂದ ದಿನಾ ಬೆಳಿಗ್ಗೆ ನೋಡಲೇಬೇಕು. ತೋಟದಲ್ಲಿ ಎರಡೂ ಬಗೆಯ ಮಷೀನು ಇದ್ದರೆ ಕ್ಯಾನಿನ ಮೇಲೆ ದೊಡ್ಡದಾಗಿ ಬರೆದಿಡಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಜುಲೈ ತಿಂಗಳ ಥಂಡಿ ಗೊತ್ತಲ್ವಾ? ಕ್ಯಾನಿನ ತಳದಲ್ಲಿ ನೀರು ಬೇರೆಯಾಗಿ ನಿಂತು, ಅದು ಕಾರ್ಬುರೇಟರಿಗೆ ಹೋದರೆ ಸ್ಟಾರ್ಟೇ ಆಗುವುದಿಲ್ಲ. ಆ ವಾರಕ್ಕೆ ಬೇಕಾದಷ್ಟು ಮಾತ್ರ ಬೆರೆಸಿ. ತಿಂಗಳು ಮೀರಿದ್ದನ್ನು ಬಳಸಬೇಡಿ.

ಪೆಟ್ರೋಲು ತುಂಬುವಾಗ ಎಂಜಿನ್ ಆರಿಸಿ ಹತ್ತು ನಿಮಿಷ ತಣಿಯಲು ಬಿಡಿ. ತುಂಬಿದ ಜಾಗದಿಂದ ಹತ್ತಡಿ ಆಚೆ ಹೋಗಿ ಸ್ಟಾರ್ಟ್ ಮಾಡಿ. ಫೆಬ್ರವರಿ, ಮಾರ್ಚಿನಲ್ಲಿ ದರಗು ಒಣಗಿರುವಾಗ ಇದು ಇನ್ನೂ ಮುಖ್ಯ.

ಮೊದಲು ಬರಿಗೈಯಲ್ಲಿ ಒಂದು ಸುತ್ತು

ಹೊಡೆಯುವ ತಾಕನ್ನು ಮಷೀನಿಲ್ಲದೆ ಒಮ್ಮೆ ನಡೆಯಿರಿ. ಒಂದು ಚೀಲ, ಒಂದು ಕತ್ತಿ, ಒಂದಿಷ್ಟು ಬಣ್ಣದ ಬಟ್ಟೆ ಚೂರು ಇರಲಿ. ತಂತಿ, ಬಾಟಲಿ, ಹಳೇ ಗೊಬ್ಬರದ ಚೀಲ, ಸ್ಪ್ರಿಂಕ್ಲರ್ ಪೈಪಿನ ಕ್ಲಾಂಪು, ಕಲ್ಲು ಸಿಕ್ಕರೆ ಚೀಲಕ್ಕೆ. ಎತ್ತಲಾಗದ ಬಂಡೆ, ಕಡಿದ ಮರದ ಬೊಡ್ಡೆ, ಡ್ರಿಪ್ ಪೈಪು ಇದ್ದಲ್ಲಿ ಬಟ್ಟೆ ಕಟ್ಟಿದ ಕೋಲು ನೆಡಿ. ಮಳೆ ನೀರು ಇಂಗಲು ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಗಳನ್ನು ಮರೆಯಲೇಬೇಡಿ. ಹುಲ್ಲು ಮುಚ್ಚಿದ ಗುಂಡಿಗೆ ಕಾಲು ಹಾಕಿದರೆ ಮಷೀನು ಸಮೇತ ಬೀಳುತ್ತೀರಿ.

ಕಾಫಿ ಗಿಡದ ಬುಡ ಮತ್ತು ಮೆಣಸಿನ ಬಳ್ಳಿಯ ಬುಡದ ಸುತ್ತ ಒಂದೂವರೆ ಅಡಿ ಕತ್ತಿಯಲ್ಲೇ ಬಿಡಿಸಿ. ಇದನ್ನು ಮೊದಲೇ ಮಾಡಿಟ್ಟರೆ ಮಷೀನು ಹಿಡಿದವನಿಗೆ ಗಿಡ ಎದ್ದು ಕಾಣುತ್ತದೆ. ಹತ್ತಡಿ ಅಂತರದ ರೊಬಸ್ಟಾದಲ್ಲಿ ಮಷೀನು ಆಡಿಸಲು ಜಾಗ ಸಿಗುತ್ತದೆ. ಆರಡಿಯ ಹಳೇ ಅರೇಬಿಕಾ ಸಾಲಿನಲ್ಲಿ ಗಿಡದ ರೆಕ್ಕೆಗಳು (ಪಕ್ಕದ ಕೊಂಬೆಗಳು) ಅಡ್ಡ ಬರುತ್ತವೆ, ಅಲ್ಲಿ ನಿಧಾನ. ಬ್ಲೇಡು ತೊಗಟೆ ಕೆತ್ತಿದ ಕಾಫಿ ಗಿಡ ಮೂರ್ನಾಲ್ಕು ತಿಂಗಳು ಏನೂ ಆಗದಂತೆ ನಿಂತು ಆಮೇಲೆ ಹಳದಿ ತಿರುಗುತ್ತದೆ. ಮೆಣಸಿನ ಬಳ್ಳಿಯಂತೂ ಬುಡ ಕಡಿದರೆ ಮುಗಿಯಿತು. ಹೊಸದಾಗಿ ಗಿಡ ಹಾಕಿದ ತಾಕಿಗೆ ನಾನು ಎರಡು ವರ್ಷ ಮಷೀನು ಒಯ್ಯುವುದಿಲ್ಲ.

ಹಾವು, ಕಡಜ, ಮೊಲದ ಮರಿ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ಈ ಸುತ್ತಿನಲ್ಲೇ ಕಣ್ಣಿಗೆ ಬೀಳುತ್ತವೆ. ಗೂಡು ಸಿಕ್ಕರೆ ಅಷ್ಟು ಜಾಗ ಬಿಟ್ಟು ಹೊಡೆಯಿರಿ, ತೋಟಕ್ಕೇನೂ ನಷ್ಟ ಇಲ್ಲ.

ಕೊನೆಗೆ ಜನ. ಬ್ಲೇಡಿನಿಂದ 50 ಅಡಿ, ಅಂದರೆ 15 ಮೀಟರ್ ಒಳಗೆ ಯಾರೂ ಇರಬಾರದು. ನಾಯಿ, ದನ ಕೂಡ. ಚಿಗುರು ತೆಗೆಯುವವರು, ಮರ ಕಸಿ ಮಾಡುವವರು (ನೆರಳಿನ ಮರದ ಕೊಂಬೆ ಸವರುವವರು) ಅದೇ ತಾಕಿನಲ್ಲಿದ್ದರೆ ಅವತ್ತು ಅವರನ್ನು ಬೇರೆ ಕಡೆ ಕಳಿಸಿ. ಇಬ್ಬರು ಮಷೀನು ಹಿಡಿದಿದ್ದರೂ ಅವರ ನಡುವೆ ಇದೇ ಅಂತರ. ನಮ್ಮಲ್ಲಿ ಒಂದು ಕಟ್ಟು ಮಾಡಿಕೊಂಡಿದ್ದೇವೆ: ಹೊಡೆಯುವವನ ಹತ್ತಿರ ಹೋಗಬೇಕಾದರೆ ಎದುರಿನಿಂದ, ದೂರದಲ್ಲಿ ನಿಂತು ಟವೆಲ್ ಬೀಸಬೇಕು. ಅವನು ಎಂಜಿನ್ ಆರಿಸಿ, ಬ್ಲೇಡು ನಿಂತು, ಕೈ ಎತ್ತಿ ತೋರಿಸಿದ ಮೇಲೆ ಹತ್ತಿರ. ಹಿಂದಿನಿಂದ ಹೋಗಿ ಭುಜ ಮುಟ್ಟಬಾರದು. ಬೆಚ್ಚಿ ತಿರುಗಿದರೆ ಬ್ಲೇಡೂ ಜೊತೆಗೆ ತಿರುಗುತ್ತದೆ.

ಸ್ಟಾರ್ಟ್ ಮಾಡುವುದು

ಮಷೀನನ್ನು ಸಮತಟ್ಟು ನೆಲದಲ್ಲಿ ಇಡಿ. ಬ್ಲೇಡು ಹುಲ್ಲಿಗೋ ಕಲ್ಲಿಗೋ ತಾಗಿರಬಾರದು. ಪಂಪಿನ ಗುಳ್ಳೆಯನ್ನು ಐದಾರು ಸಲ ಒತ್ತಿ, ಚೋಕ್ ಎಳೆಯಿರಿ. ಎಡಗೈಯಲ್ಲಿ ಎಂಜಿನ್ ಒತ್ತಿ ಹಿಡಿದು ಹಗ್ಗವನ್ನು ಮೊದಲು ಬಿಗಿ ಸಿಗುವವರೆಗೆ ನಿಧಾನ, ಆಮೇಲೆ ಜೋರಾಗಿ ಎಳೆಯಿರಿ. ಒಂದು ಸಲ 'ಡಬ್' ಎಂದ ಕೂಡಲೇ ಚೋಕ್ ಬಿಟ್ಟು ಮತ್ತೆ ಎಳೆಯಿರಿ. ಚೋಕ್ ಹಾಕಿಯೇ ಎಳೆಯುತ್ತಾ ಹೋದರೆ ಪ್ಲಗ್ ಒದ್ದೆಯಾಗುತ್ತದೆ. ಹಾಗಾದರೆ ಪ್ಲಗ್ ಬಿಚ್ಚಿ ಒರೆಸಿ, ಅದನ್ನು ಹಾಕದೆ ಹಗ್ಗ ನಾಲ್ಕು ಸಲ ಎಳೆದು, ಮತ್ತೆ ಹಾಕಿ. ಮೈಗೆ ನೇತುಹಾಕಿಕೊಂಡು ಒಂದೇ ಕೈಯಲ್ಲಿ ಎಳೆದು ಸ್ಟಾರ್ಟ್ ಮಾಡುವುದು ನೋಡಲು ಚಂದ, ಬ್ಲೇಡ್ ಹಾಕಿದಾಗ ಮಾತ್ರ ಮಾಡಲೇಬಾರದು.

ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಎಂಜಿನ್ ಓಡುತ್ತಿರಬೇಕು, ಬ್ಲೇಡು ನಿಂತಿರಬೇಕು. ತಿರುಗುತ್ತಿದ್ದರೆ ಐಡಲ್ ಸ್ಕ್ರೂ ಸ್ವಲ್ಪ ಸಡಿಲಿಸಿ. ಆಗಲೂ ನಿಲ್ಲದಿದ್ದರೆ ಕ್ಲಚ್ಚು ನೋಡಿಸಬೇಕು. ಹಾಗೇ ಕೆಲಸಕ್ಕೆ ಒಯ್ಯಬೇಡಿ.

ಬೀಸುವ ರೀತಿ

ಮೇಲಿನಿಂದ ನೋಡಿದರೆ ಹೆಚ್ಚಿನ ಮಷೀನುಗಳ ಬ್ಲೇಡು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಬ್ಲೇಡನ್ನೇ ಗಡಿಯಾರ ಎಂದುಕೊಳ್ಳಿ. ನಿಮ್ಮ ಎದುರಿನ ತುದಿ 12 ಗಂಟೆ, ಎಡಗಡೆ 9, ಬಲಗಡೆ 3. ಕೊಯ್ಯುವುದು ಎಡಭಾಗದಲ್ಲಿ, 8ರಿಂದ 11ರ ನಡುವೆ. 12ರಿಂದ 3ರವರೆಗಿನ ಭಾಗ ಗಟ್ಟಿ ಕಾಂಡಕ್ಕೋ ಕಲ್ಲಿಗೋ ತಾಗಿದರೆ ಮಷೀನು ಬಲಕ್ಕೆ, ಹಿಂದಕ್ಕೆ ಒದೆಯುತ್ತದೆ. ಎಷ್ಟು ಜೋರು ಎಂದರೆ ಹೊಡೆಯುವವನನ್ನೇ ತಿರುಗಿಸಿಬಿಡುತ್ತದೆ. ನಾನು ಹುಡುಗರಿಗೆ ಕಲಿಸುವಾಗ ಬ್ಲೇಡಿನ ಗಾರ್ಡಿನ ಮೇಲೆ ಬಲಗಡೆ ಕೆಂಪು ಬಣ್ಣ ಬಳಿದುಬಿಡುತ್ತೇನೆ. ಕೆಂಪು ಇರುವ ಕಡೆಯಿಂದ ಏನನ್ನೂ ಮುಟ್ಟಿಸಬಾರದು, ಅಷ್ಟೇ ಪಾಠ.

ಹೀಗಾಗಿ ಬೀಸು ಯಾವಾಗಲೂ ಬಲದಿಂದ ಎಡಕ್ಕೆ. ಎಡಕ್ಕೆ ಬರುವಾಗ ಕೊಯ್ಲು, ಬಲಕ್ಕೆ ಹೋಗುವಾಗ ಬರೀ ವಾಪಸು. ಕೈ ಆಡಿಸಬೇಡಿ, ಸೊಂಟದಿಂದ ಮೈ ತಿರುಗಿಸಿ. ಬ್ಲೇಡನ್ನು ಸ್ವಲ್ಪ ಎಡಕ್ಕೆ ಓರೆ ಮಾಡಿದರೆ ಕೊಯ್ದ ಹುಲ್ಲು ಎಡಗಡೆ ಸಾಲಾಗಿ ಬೀಳುತ್ತದೆ, ಆಮೇಲೆ ಗಿಡದ ಬುಡಕ್ಕೆ ಮುಚ್ಚಿಗೆ ಹಾಕಲು ಸುಲಭ. ಕೊಯ್ದ ಜಾಗ ನಿಮ್ಮ ಎಡಕ್ಕೆ, ಕೊಯ್ಯಬೇಕಾದದ್ದು ಬಲಕ್ಕೆ ಇರುವಂತೆ ಸಾಲು ಹಿಡಿಯಿರಿ. ಒಂದು ಬೀಸು, ಒಂದು ಹೆಜ್ಜೆ. ಹೆಜ್ಜೆ ಇಡುವಾಗ ಬ್ಲೇಡು ಹುಲ್ಲಿನಲ್ಲಿ ಇರಬಾರದು.

ಹುಲ್ಲಿಗೆ ಮುಟ್ಟಿಸುವ ಮೊದಲೇ ಪೂರ್ತಿ ಆಕ್ಸಿಲರೇಟರ್ ಕೊಡಿ. ಅರ್ಧ ಕೊಟ್ಟು ನುಗ್ಗಿಸಿದರೆ ಹುಲ್ಲು ಸುತ್ತಿ ಕ್ಲಚ್ಚು ಸುಡುತ್ತದೆ. ಬೀಸು ಮುಗಿದ ಮೇಲೆ ಬಿಡಿ. ಸೊಂಟದೆತ್ತರದ ಕಳೆಯನ್ನು ಒಂದೇ ಏಟಿಗೆ ಬುಡಕ್ಕೆ ಹೊಡೆಯಬೇಡಿ. ಮೊದಲು ಮೇಲರ್ಧ ಬಲದಿಂದ ಎಡಕ್ಕೆ ಸವರಿ, ಆಮೇಲೆ ಬುಡ. ಲಂಟಾನಕ್ಕೂ ಇದೇ. ಮೊದಲು ಸುತ್ತಲಿನ ರೆಕ್ಕೆ, ಕೊನೆಗೆ ನಡುವಿನ ಬುಡ.

ನೆಲದಿಂದ ಎರಡು ಮೂರು ಇಂಚು ಬಿಟ್ಟೇ ಹೊಡೆಯಿರಿ. ಬುಡ ಬೋಳಾಗಲಿ ಎಂದು ಬ್ಲೇಡನ್ನು ಮಣ್ಣಿಗೆ ಇಳಿಸುವವರಿದ್ದಾರೆ. ಬ್ಲೇಡು ಕೆಡುತ್ತದೆ, ಕಲ್ಲು ಹಾರುತ್ತದೆ, ಎಲ್ಲಕ್ಕಿಂತ ಜಾಸ್ತಿ ನಷ್ಟ ಮಣ್ಣಿನದು. ನಮ್ಮ ಇಳಿಜಾರಿನಲ್ಲಿ ಆ ಎರಡಿಂಚು ಕೂಳೆ ಮತ್ತು ಅದರ ಬೇರು ಮೇಲ್ಮಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಕಾಫಿಯ ಉಣ್ಣುವ ಬೇರುಗಳೂ ಮೇಲ್ಗಡೆಯೇ ಇವೆ.

ಇಳಿಜಾರಿನಲ್ಲಿ ಮೇಲಕ್ಕೂ ಕೆಳಕ್ಕೂ ಹೊಡೆಯುತ್ತಾ ಹತ್ತಿ ಇಳಿಯಬೇಡಿ. ಅಡ್ಡಕ್ಕೆ ನಡೆಯಿರಿ, ತಗ್ಗು ನಿಮ್ಮ ಎಡಕ್ಕೆ ಇರಲಿ. ಕೆಳಗಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲು ಮೇಲೆ ಬನ್ನಿ. ಕೊಯ್ದದ್ದು ಕೆಳಗೆ, ಕೊಯ್ದ ಜಾಗಕ್ಕೇ ಬೀಳುತ್ತದೆ. ಸಾಲು ಮುಗಿದ ಮೇಲೆ ಬರೀ ನಡೆದು ವಾಪಸು ಬಂದು ಮತ್ತೆ ಅದೇ ಕಡೆಯಿಂದ ಹಿಡಿಯಬೇಕು. ಸಮಯ ಜಾಸ್ತಿ ಹಿಡಿಯುತ್ತದೆ, ನಾನು ಅದನ್ನು ನಷ್ಟ ಎಂದು ಲೆಕ್ಕ ಹಾಕುವುದಿಲ್ಲ. ಕಾಲು ನಿಲ್ಲದಷ್ಟು ಕಡಿದಾದ ಜಾಗ, ಪಾಚಿ ಕಟ್ಟಿದ ಬಂಡೆ ಇರುವ ಜಾಗಕ್ಕೆ ಕತ್ತಿಯೇ ಸರಿ.

ಅರ್ಧ ಗಂಟೆಗೊಮ್ಮೆ ನಿಲ್ಲಿಸಿ. ಅದುರುವಿಕೆಯಿಂದ ಬೆರಳು ಜೋಮು ಹಿಡಿಯುತ್ತದೆ. ಇದೇ ವರ್ಷಗಟ್ಟಲೆ ಮುಂದುವರಿದರೆ ಥಂಡಿಯಲ್ಲಿ ಬೆರಳು ಬಿಳಿಚಿಕೊಳ್ಳುವ ಕಾಯಿಲೆ ಬರುತ್ತದೆ, ಬಂದರೆ ಹೋಗುವುದು ಕಷ್ಟ. ಇಬ್ಬರಿದ್ದರೆ ಅದಲು ಬದಲು ಮಾಡಿಕೊಳ್ಳಿ. ದಿನಗೂಲಿಗೆ ಬಂದವನಿಗೂ ಈ ಬಿಡುವು ಕೊಡಿ. ಕಂಟ್ರ್ಯಾಕ್ಟಿಗೆ ಎಕರೆ ಲೆಕ್ಕದಲ್ಲಿ ಹೊಡೆಯುವವರೇ ಜಾಸ್ತಿ ಅವಸರ ಮಾಡುವುದು. ಗಾರ್ಡು, ಕನ್ನಡಕ ಇಲ್ಲದೆ ಬಂದರೆ ನಾನು ಕೆಲಸ ಶುರು ಮಾಡಿಸುವುದಿಲ್ಲ, ಒಂದು ಜೊತೆ ಕನ್ನಡಕ ನಾನೇ ಕೊಡುತ್ತೇನೆ.

ಸಿಕ್ಕಿಕೊಂಡಾಗ

ನನ್ನ ಅನುಭವದಲ್ಲಿ ಕೈಬೆರಳು ಹೋಗುವ ಗಳಿಗೆ ಇದೇ. ಬಳ್ಳಿ ಸುತ್ತಿಕೊಂಡಿದೆ, ಬ್ಲೇಡು ನಿಂತಿದೆ, ಎಂಜಿನ್ ಮಾತ್ರ ಓಡುತ್ತಿದೆ. ಹೊಡೆಯುವವನು ಬಗ್ಗಿ ಬಳ್ಳಿ ಎಳೆಯುತ್ತಾನೆ. ಬಳ್ಳಿ ಬಿಟ್ಟ ತಕ್ಷಣ ಬ್ಲೇಡು ತಿರುಗಬಹುದು. ಸಿಕ್ಕಿಕೊಂಡರೆ ಸ್ವಿಚ್ ಆಫ್. ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾಯಿರಿ, ಎಂಜಿನ್ ಆರಿದ ಮೇಲೂ ಅದು ಕೆಲವು ಸೆಕೆಂಡು ಸುತ್ತುತ್ತದೆ. ಪ್ಲಗ್ಗಿನ ಟೋಪಿ ಕಿತ್ತು ಬಿಡಿಸಿ, ಕೈಗವಸು ತೆಗೆಯಬೇಡಿ.

ಕಲ್ಲಿಗೆ ಜೋರಾಗಿ ತಾಗಿದರೂ, ಇದ್ದಕ್ಕಿದ್ದಂತೆ ಅದುರು ಹೆಚ್ಚಾದರೂ ಹೀಗೇ ಆರಿಸಿ ಬ್ಲೇಡು ನೋಡಿ. 'ಈ ಸಾಲು ಮುಗಿಸಿ ನೋಡೋಣ' ಎನ್ನಬೇಡಿ.

ಗಾಯ ಆದರೆ

ಸೊಂಟದ ಚೀಲದಲ್ಲಿ ಶುದ್ಧ ಬಟ್ಟೆ, ಅಗಲ ಬ್ಯಾಂಡೇಜು, ಒಂದು ಸೀಟಿ ಇರಲಿ. ತೋಟದಲ್ಲಿ ಎಷ್ಟೋ ಕಡೆ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಯಾವ ತಾಕಿನಲ್ಲಿ ಹೊಡೆಯುತ್ತೀರಿ, ಎಷ್ಟೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೋಗಿ. ಒಬ್ಬರೇ ಹೋಗಲೇಬೇಡಿ.

ರಕ್ತ ಹರಿದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು. ಕಾಫಿ ಪುಡಿ, ಅರಿಶಿನ ತುಂಬುವುದು ಬೇಡ. ಹೊಕ್ಕ ತಂತಿ, ಕಡ್ಡಿಯನ್ನು ನೀವೇ ಕೀಳಬೇಡಿ. ಕಣ್ಣಿಗೆ ಏನಾದರೂ ಚುಚ್ಚಿದ್ದರೆ ಉಜ್ಜದೆ, ಒತ್ತದೆ, ಮೇಲೊಂದು ಪೇಪರ್ ಲೋಟ ಕವುಚಿ ಕಟ್ಟಿ ಕರೆದೊಯ್ಯಿರಿ. 108ಕ್ಕೆ ಫೋನ್ ಮಾಡಿ. ಮೂಡಿಗೆರೆಯಿಂದ ಚಿಕ್ಕಮಗಳೂರು ಸುಮಾರು 30 ಕಿ.ಮೀ., ಸಕಲೇಶಪುರದಿಂದ ಹಾಸನ ಸುಮಾರು 40 ಕಿ.ಮೀ. ಮಳೆಗಾಲದ ರಸ್ತೆಯಲ್ಲಿ ಅದು ಸಣ್ಣ ದೂರವಲ್ಲ. ಮನೆಯ ಜೀಪು, ಕಾರು ಹೊರಡುವ ಸ್ಥಿತಿಯಲ್ಲಿ ಇದೆಯೇ ಎಂದು ಬೆಳಿಗ್ಗೆಯೇ ನೋಡಿಕೊಳ್ಳಿ. ಟಿಟಿ ಚುಚ್ಚುಮದ್ದು ಮರೆಯಬೇಡಿ.

ಸಾಣೆ

ಹರಿತವಾದ ಬ್ಲೇಡು ಮೆತ್ತಗೆ ಕೊಯ್ಯುತ್ತದೆ. ಮೊಂಡಾದದ್ದು ಹುಲ್ಲನ್ನು ಹರಿಯುತ್ತದೆ, ಎಂಜಿನ್ ನರಳುತ್ತದೆ, ಹೊಡೆಯುವವನು ಒತ್ತಲು ಶುರು ಮಾಡುತ್ತಾನೆ. ನಾನು ದಿನಕ್ಕೆ ಎರಡು ಸಲ, ಮಧ್ಯಾಹ್ನ ಊಟಕ್ಕೆ ಬಂದಾಗ ಮತ್ತು ಸಂಜೆ, ಸ್ವಲ್ಪ ಸ್ವಲ್ಪ ಉಜ್ಜುತ್ತೇನೆ.

ಬ್ಲೇಡನ್ನು ವೈಸಿಗೆ ಕಚ್ಚಿಸಿ. ಚಪ್ಪಟೆ ಅರ ತಗೊಂಡು ಮೊದಲಿದ್ದ ಓರೆಯಲ್ಲೇ, ಸಾಮಾನ್ಯವಾಗಿ 30 ಡಿಗ್ರಿ, ಒಂದೇ ದಿಕ್ಕಿಗೆ ತಳ್ಳಿ. ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಏಟು. ಒಂದು ಹಲ್ಲಿಗೆ ಎಂಟು ಕೊಟ್ಟರೆ ಉಳಿದವಕ್ಕೂ ಎಂಟು. ಹಲ್ಲಿನ ಬುಡದ ಮೂಲೆಯನ್ನು ಚೂಪಾಗಿ ಕೆತ್ತಬೇಡಿ. ಬಿರುಕು ಹುಟ್ಟುವುದೇ ಆ ಮೂಲೆಯಲ್ಲಿ. ಅಲ್ಲಿ ದುಂಡು ಅರದಿಂದ ನುಣುಪು ಮಾಡಿ. ಎರಡು ಮೈಯೂ ಒಂದೇ ಥರ ಇರುವ ಬ್ಲೇಡಾದರೆ ಒಂದು ಅಂಚು ಸವೆದ ಮೇಲೆ ತಿರುಗಿಸಿ ಹಾಕಬಹುದು.

ಗ್ರೈಂಡರ್ ಬೇಗ ಆಗುತ್ತದೆ ಎಂದು ಹಿಡಿಯುವವರು ಒಂದು ವಿಷಯ ಗಮನಿಸಿ. ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಕಬ್ಬಿಣದ ಹದ ಹೋಯಿತು. ಅಂಥ ಅಂಚು ಒಂದು ಗಂಟೆಯೂ ನಿಲ್ಲುವುದಿಲ್ಲ. ಹಿಡಿಯಲೇಬೇಕಾದರೆ ಮುಟ್ಟಿಸಿ ಬಿಡಿ, ಮುಟ್ಟಿಸಿ ಬಿಡಿ, ನಡುವೆ ನೀರಿಗೆ ಅದ್ದಿ.

ಐದಾರು ಸಾಣೆಗೊಮ್ಮೆ ತೂಕ ನೋಡಿ. ಗೋಡೆಗೆ ಅಡ್ಡಲಾಗಿ ಹೊಡೆದ ಮೊಳೆಗೆ ಬ್ಲೇಡಿನ ತೂತು ನೇತುಹಾಕಿ ನಿಧಾನ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಹಲ್ಲು ಕೆಳಗೆ ಬಂದು ನಿಂತರೆ ಅದು ಭಾರ. ಅದನ್ನೇ ಇನ್ನಷ್ಟು ಉಜ್ಜಿ.

ಬಿರುಕು ನೋಡಲು ಬ್ಲೇಡು ತೊಳೆದು ಒರೆಸಿ, ತೂತಿಗೆ ಬೆರಳು ಹಾಕಿ ನೇತು ಹಿಡಿದು ಸ್ಪ್ಯಾನರಿನಿಂದ ತಟ್ಟಿ. ಗಂಟೆಯಂತೆ 'ಟಿಣ್' ಎಂದರೆ ಸರಿ, ಒಡೆದ ಮಡಕೆಯಂತೆ 'ಟಪ್' ಎಂದರೆ ಅನುಮಾನ. ಬಿರುಕು ಬಿಟ್ಟದ್ದನ್ನು, ಹಲ್ಲು ಮುರಿದದ್ದನ್ನು, ಬಾಗಿದ್ದನ್ನು ವೆಲ್ಡಿಂಗ್ ಮಾಡಿಸಿ ಅಥವಾ ಸುತ್ತಿಗೆಯಲ್ಲಿ ಬಡಿದು ಮತ್ತೆ ಬಳಸಬೇಡಿ. ಗುಜರಿಗೆ ಹಾಕುವ ಮೊದಲು ಎರಡು ತುಂಡು ಮಾಡಿ, ಇಲ್ಲದಿದ್ದರೆ ಯಾರೋ ಎತ್ತಿಕೊಂಡು ಹೋಗಿ ಹಾಕಿಕೊಳ್ಳುತ್ತಾರೆ.

ದಿನದ ಆರೈಕೆ

ಸಂಜೆ ಹತ್ತು ನಿಮಿಷ ಸಾಕು. ಏರ್ ಫಿಲ್ಟರ್ ತೆಗೆದು ಸ್ಪಂಜಾದರೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಪೇಪರಿನದಾದರೆ ತಟ್ಟಿ ಧೂಳು ಬೀಳಿಸಿ. ಎಂಜಿನ್ ಸುತ್ತಲಿನ ರೆಕ್ಕೆಗಳಿಗೆ ಹತ್ತಿದ ಹುಲ್ಲಿನ ಪುಡಿಯನ್ನು ಬ್ರಷ್ಷಿನಿಂದ ತೆಗೆಯಿರಿ. ಅದು ಕಟ್ಟಿಕೊಂಡರೆ ಎಂಜಿನ್ ಕಾಯುತ್ತದೆ. ಗಾರ್ಡಿನ ಒಳಗೆ ಅಂಟಿದ ಹುಲ್ಲು ಕೆರೆದು ಹಾಕಿ. ನಟ್ಟು ಬೋಲ್ಟು ಒಮ್ಮೆ ಮುಟ್ಟಿ ನೋಡಿ.

ಗೇರ್ ಹೆಡ್‌ಗೆ 20ರಿಂದ 25 ಗಂಟೆ ಕೆಲಸಕ್ಕೊಮ್ಮೆ ಗ್ರೀಸ್. ಪಕ್ಕದ ಸ್ಕ್ರೂ ಬಿಚ್ಚಿ ನೋಡಿ, ಮುಕ್ಕಾಲು ಭಾಗ ತುಂಬಿದ್ದರೆ ಸಾಕು. ತುಂಬಿ ತುಳುಕಿಸಿದರೆ ಬಿಸಿಯಾಗಿ ಸೀಲು ಒಡೆಯುತ್ತದೆ. ಹೊಡೆಯುವಾಗ ಗೇರ್ ಹೆಡ್ ಕೈ ಇಡಲಾಗದಷ್ಟು ಸುಟ್ಟರೆ ಗ್ರೀಸ್ ಖಾಲಿ ಎಂದೇ ತಿಳಿಯಿರಿ. ಬೆನ್ನಿಗೆ ಹೊರುವ ಮಷೀನಾದರೆ ಒಳಗಿನ ಬಳುಕುವ ಕೇಬಲ್ಲನ್ನೂ ಎಳೆದು ಗ್ರೀಸ್ ಹಚ್ಚಬೇಕು.

ಪ್ಲಗ್ಗಿನ ಸಂದು ಹೆಚ್ಚಿನ ಮಷೀನಿಗೆ 0.6ರಿಂದ 0.7 ಮಿ.ಮೀ. ಮಷೀನು ಸ್ಟಾರ್ಟ್ ಆಗುತ್ತದೆ ಆದರೆ ಎಳೆತ ಇಲ್ಲ ಎಂದರೆ ಮೊದಲು ಏರ್ ಫಿಲ್ಟರ್, ಆಮೇಲೆ ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರ್, ಆಮೇಲೆ ಸೈಲೆನ್ಸರಿನ ಕಿಡಿ ತಡೆಯುವ ಜಾಲರಿ. ಜಾಲರಿ ಕರಿ ಕಟ್ಟಿ ಮುಚ್ಚಿಕೊಂಡಿರುತ್ತದೆ, ತಂತಿ ಬ್ರಷ್ಷಿನಿಂದ ತಿಕ್ಕಿ ವಾಪಸು ಹಾಕಿ. ಜಾಲರಿ ಇಲ್ಲದೆ ಬೇಸಿಗೆಯಲ್ಲಿ ಹೊಡೆದರೆ ಕಿಡಿ ಬಿದ್ದು ಒಣಹುಲ್ಲಿಗೆ ಬೆಂಕಿ ಹತ್ತಬಹುದು. ಈ ಮೂರೂ ಸರಿ ಇದ್ದರೆ ಮಾತ್ರ ಕಾರ್ಬುರೇಟರ್ ಕಡೆ ನೋಡಿ. ಅದರ ಸ್ಕ್ರೂಗಳನ್ನು ಮೊದಲೇ ತಿರುವಿ ಕೆಡಿಸಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗುವವರೇ ಹೆಚ್ಚು.

ಕೊಯ್ಲಿಗೆ ಮುಂಚಿನ ಸುತ್ತು ಮುಗಿದ ಮೇಲೆ

ನವೆಂಬರಿನಲ್ಲಿ ಅರೇಬಿಕಾ ಹಣ್ಣು ಶುರುವಾಗುವ ಹೊತ್ತಿಗೆ ನಮ್ಮ ಮಷೀನಿಗೆ ರಜೆ. ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಉಳಿದು ಅಂಟಾದರೆ ಮುಂದಿನ ವರ್ಷ ಡಯಾಫ್ರಂ ಬದಲಿಸಬೇಕಾಗುತ್ತದೆ. ಪ್ಲಗ್ ಬಿಚ್ಚಿ ಒಂದು ಚಮಚ ಟೂಟಿ ಆಯಿಲ್ ಬಿಟ್ಟು ಹಗ್ಗವನ್ನು ನಾಲ್ಕೈದು ಸಲ ನಿಧಾನ ಎಳೆದು ಪ್ಲಗ್ ಹಾಕುತ್ತೇನೆ. ಇಲಿ ಕಾಟ ಇದ್ದರೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ತೆಗೆಯಲು ನೆನಪಿರುವಂತೆ ಅದರ ತುದಿ ಹೊರಗೆ ಬಿಡಿ.

ಬ್ಲೇಡನ್ನು ಮಷೀನಿನಲ್ಲೇ ಬಿಡಬೇಡಿ. ಬಿಚ್ಚಿ, ಸಾಣೆ ಹಿಡಿದು, ಆಯಿಲ್ ಸವರಿ, ಗೋಣಿಚೀಲದಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ನೇತುಹಾಕಿ. ನಟ್ಟು, ತಟ್ಟೆ, ಬಟ್ಟಲನ್ನು ಒಂದು ಡಬ್ಬಿಗೆ ಹಾಕಿ ಆ ಚೀಲಕ್ಕೇ ಕಟ್ಟಿಡಿ. ಕಾಫಿ ಹೂ ಅರಳಿಸುವ ಹೂಮಳೆ ಕಳೆದು ಮೇ ತಿಂಗಳಲ್ಲಿ ಮತ್ತೆ ಇಳಿಸಿದಾಗ ಹೊಸ ಪೆಟ್ರೋಲು ಹಾಕುವ ಮೊದಲು ಬ್ಲೇಡನ್ನು ಒಮ್ಮೆ ತಟ್ಟಿ ಸದ್ದು ಕೇಳಿಸಿಕೊಳ್ಳಿ.